72 ತಾಸಿನೊಳಗೆ

ನಮ್ಮ ಮನೆಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗಳ ಬಗೆಗೆ ಊಟದ ಪಂಕ್ತಿಯಲ್ಲಿಯೂ ಮಾತು ನಡೆಯುತ್ತದೆ. ಎಚ್.ಐ.ವಿ. ಎಂಬ ಹೆಸರೆತ್ತಿದರೆ ಮಾತ್ರ ಹಿರಿಯರು ವಿಷಯ ಬದಲಿಸುತ್ತಾರೆ. ಭಾರತದಲ್ಲಿ ಈ ಸೋಂಕು 1986ರಲ್ಲಿ ಮದ್ರಾಸಿನಲ್ಲಿ ಮೊದಲು ಪತ್ತೆಯಾಯಿತು. ಇಷ್ಟು ವರ್ಷಗಳಾದರೂ ನಮ್ಮ ಸಂಕೋಚ ಕರಗಿಲ್ಲ. ಈ ಸಂಕೋಚದಿಂದ ಆಗಬಹುದಾದ ಒಂದು ಹಾನಿಯನ್ನು ಓದುಗ ಬಂಧುಗಳ ಗಮನಕ್ಕೆ ತರಬಯಸುತ್ತೇವೆ.

ಒಂದು ಪ್ರಸಂಗವನ್ನು ಊಹಿಸಿಕೊಳ್ಳೋಣ. ಬ್ಯಾಡಗಿಯ ಮನೆಯೊಂದರ ಸೊಸೆ ರಾಣೇಬೆನ್ನೂರಿನಲ್ಲಿ ದಾದಿಯಾಗಿದ್ದಾಳೆ. ಶನಿವಾರ ರಾತ್ರಿಯ ಪಾಳಿಯಲ್ಲಿ, ರೋಗಿಗೆ ಚುಚ್ಚಿದ ಸೂಜಿ ಅವಳ ಬೆರಳಿಗೆ ನಾಟುತ್ತದೆ. ಅತ್ತೆಯವರು ಏನೆಂದುಕೊಂಡಾರು, ಅಡುಗೆಮನೆಗೆ ಬಿಟ್ಟುಕೊಂಡಾರೇ ಎಂಬ ಅಂಜಿಕೆ. ರವಿವಾರ ಮನೆಯಲ್ಲಿ ಗುರುಗಳ ಪಾದಪೂಜೆ, ಸೋಮವಾರ ಬಂದ ನೆಂಟರು. ಮಂಗಳವಾರ ರಾತ್ರಿಗೆ 72 ತಾಸು ಕಳೆದಿರುತ್ತದೆ. ಆಮೇಲೆ ಆರಂಭಿಸಿದರೆ ಫಲ ದೊರೆಯುವುದೆಂಬ ಭರವಸೆ ಇಲ್ಲದ ಕಾರಣ ವೈದ್ಯರು ಈ ಔಷಧವನ್ನು ಕೊಡುವುದಿಲ್ಲ.

ಸೋಂಕು ತಗುಲಿರಬಹುದಾದ ಘಟನೆಯ ನಂತರ ಅದು ದೇಹದಲ್ಲಿ ಬೇರೂರದಂತೆ ಕೊಡುವ ಈ ಔಷಧಕ್ರಮಕ್ಕೆ ಪಿ.ಇ.ಪಿ. ಎಂದು ಹೆಸರು. ವೈರಾಣು ಹೊಕ್ಕ ಕ್ಷಣವೇ ದೇಹವೆಲ್ಲ ವ್ಯಾಪಿಸುವುದಿಲ್ಲ. ಆ ಅಲ್ಪ ಅವಧಿಯಲ್ಲಿ ಔಷಧ ಅದರ ವೃದ್ಧಿಯನ್ನು ತಡೆಯುತ್ತದೆ. ಎರಡು ತಾಸಿನೊಳಗೆ ಆರಂಭಿಸುವುದು ಉತ್ತಮ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಔಷಧಗಳನ್ನು ದಿನಕ್ಕೊಮ್ಮೆಯಂತೆ 28 ದಿನ, ಒಂದು ದಿನವೂ ತಪ್ಪದೆ ಸೇವಿಸಬೇಕು. ಸೋಂಕಿತ ರಕ್ತವಿದ್ದ ಸೂಜಿ ಸಾವಿರ ಬಾರಿ ಚುಚ್ಚಿದರೆ ಸೋಂಕು ತಗುಲುವುದು ಸುಮಾರು ಮೂರು ಬಾರಿ. ಹಿಂದೆ ಜಿಡೋವುಡಿನ್ ಎಂಬ ಒಂದೇ ಔಷಧವನ್ನು ಬಳಸುತ್ತಿದ್ದಾಗಲೇ ಈ ಅಪಾಯ ಶೇ. 81ರಷ್ಟು ತಗ್ಗಿತೆಂದು 1997ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ!

ಸೂಜಿ ಚುಚ್ಚಿದೊಡನೆ ಗಾಯವನ್ನು ಸಾಬೂನು ನೀರಿನಿಂದ ತೊಳೆಯಬೇಕು. ಹಿಂಡಬಾರದು, ಸ್ಪಿರಿಟ್ ಸುರಿಯಬಾರದು, ಬೆರಳನ್ನು ಬಾಯಿಗಿಟ್ಟು ಚೀಪಬಾರದು. ಕಣ್ಣಿಗೆ ರಕ್ತ ಸಿಡಿದರೆ ಶುದ್ಧ ನೀರಿನಿಂದ ತೊಳೆಯಬೇಕು.

ಇದು ದಾದಿಯರಿಗಷ್ಟೇ ಸಂಬಂಧಿಸಿದ್ದಲ್ಲ. ಆಸ್ಪತ್ರೆಯ ಕಸ ಎತ್ತುವ ಕಾಯಕಜೀವಿಗಳು, ಹೆದ್ದಾರಿಯ ಅಪಘಾತದಲ್ಲಿ ಗಾಯಾಳುವನ್ನು ಎತ್ತುವಾಗ ತಮ್ಮ ಕೈಯ ಹಸಿಗಾಯಕ್ಕೆ ರಕ್ತ ತಾಗಿದವರು, ನಿರೋಧ್ ಹರಿದುಹೋದ ದಂಪತಿಗಳು, ಎಲ್ಲರಿಗೂ ಬೇಕಾಗಬಹುದು. ಅತ್ಯಾಚಾರಕ್ಕೊಳಗಾದ ಹೆಣ್ಣುಮಗಳ ವಿಷಯದಲ್ಲಂತೂ ಮಾನದ ಮಾತಾಡುತ್ತ ದಿನ ಕಳೆಯುವುದು ಅವಳಿಗೆ ಬಗೆಯುವ ಎರಡನೆಯ ದ್ರೋಹವೆಂದೇ ನಾವು ಭಾವಿಸುತ್ತೇವೆ. ಅಂಥವರಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ಕೂಡಲೇ ಉಚಿತ ಚಿಕಿತ್ಸೆ ನೀಡಬೇಕೆಂದು ಕಾನೂನಿದೆ. ಒಟ್ಟಿಗೆ ಉಂಡದ್ದಕ್ಕೆ, ಕೈ ಹಿಡಿದದ್ದಕ್ಕೆ, ಸೊಳ್ಳೆ ಕಚ್ಚಿದ್ದಕ್ಕೆ ಈ ಔಷಧ ಬೇಡ. ಅವುಗಳಿಂದ ಸೋಂಕು ಹರಡುವುದಿಲ್ಲ.

ರಾತ್ರಿಯಾಗಿದ್ದರೂ ಸರ್ಕಾರಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ರಕ್ತಪರೀಕ್ಷೆಯ ಫಲಿತಾಂಶಕ್ಕೆಂದು ಮೊದಲ ಗುಳಿಗೆಯನ್ನು ತಡಮಾಡುವಂತಿಲ್ಲ. ಮುಂದಿನ ಚಿಕಿತ್ಸೆಗೆ ಹಾವೇರಿ ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರವಿದೆ. ಔಷಧದಂಗಡಿಯಲ್ಲಿ ತಾವೇ ಕೊಂಡು ನುಂಗುವುದು ಸಲ್ಲದು. ಮೂತ್ರಪಿಂಡದ ದೋಷ, ಹೆಪಟೈಟಿಸ್-ಬಿ ಇದ್ದರೆ ವೈದ್ಯರಿಗೆ ತಿಳಿಸಬೇಕು. ಆಮ್ಲಪಿತ್ತದ ಔಷಧ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಗುಳಿಗೆಗಳು ಡೊಲುಟೆಗ್ರಾವಿರ್‌ನ ಫಲವನ್ನು ಕುಗ್ಗಿಸುವುದರಿಂದ ಅವನ್ನೂ ಹೇಳಬೇಕು. ಮರುಪರೀಕ್ಷೆಗಳು ಮುಗಿಯುವವರೆಗೆ ರಕ್ತದಾನ ಕೂಡದು; ದಂಪತಿಗಳು ನಿರೋಧ್ ಬಳಸಬೇಕು.

ಊರಿಗೆಲ್ಲ ಗೊತ್ತಾಗುತ್ತದೆಂಬ ಭಯವೇ ಹಲವರನ್ನು ತಡೆಯುತ್ತದೆ. 2017ರ ಎಚ್.ಐ.ವಿ. ಕಾಯ್ದೆಯು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದ್ದು, ಸೋಂಕಿತರ ವಿವರವನ್ನು ಗುಟ್ಟಾಗಿಡಬೇಕೆಂದು ವಿಧಿಸುತ್ತದೆ. ಸೋಂಕಿನ ಅಪಾಯವಿರುವ ಕೆಲಸಗಾರರಿಗೆ ಈ ಔಷಧ ಒದಗಿಸುವ ಹೊಣೆಯನ್ನೂ ಅದು ಸಂಸ್ಥೆಗಳ ಮೇಲಿಟ್ಟಿದೆ. ಯಾರಲ್ಲಿಯೂ ಹೇಳಿಕೊಳ್ಳಲಾಗದವರು 1097 ಸಂಖ್ಯೆಗೆ ಕರೆ ಮಾಡಿ ಕೇಳಬಹುದು, ಶುಲ್ಕವಿಲ್ಲ. ನಮ್ಮ ಪ್ರಸಂಗದ ಸೊಸೆಗೆ 28 ದಿನವೂ ರಾತ್ರಿ ಊಟವಾದೊಡನೆ “ಗುಳಿಗಿ ತಗೊಂಡೇನವ್ವಾ?” ಎಂದು ನೆನಪಿಸುವ ಕೆಲಸವನ್ನು ಅತ್ತೆಯವರೇ ವಹಿಸಿಕೊಳ್ಳಬಹುದು.