ಸಾಲ ಮಾಡುವ ಮುನ್ನ ಕಾರ್ಡ್ ಮಾಡಿಸಿ

ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ವಿಕಲಚೇತನ ತಮ್ಮನ ಹೆಸರನ್ನು ಎಲ್ಲೂ ನೋಂದಾಯಿಸದ ಮನೆಗಳು ವಿಜಯನಗರ, ಕೆಂಗೇರಿಯಲ್ಲೂ ಇವೆ. ನಷ್ಟ ಆ ಮಗುವಿಗೇ. ನಿಮ್ಮ ಮನೆಯಲ್ಲೂ ಹೀಗಿದ್ದರೆ, ಥೆರಪಿಗೆಂದು ಸಾಲ ಮಾಡುವ ಮುನ್ನ ಯುಡಿಐಡಿ ಕಾರ್ಡ್ ಮಾಡಿಸಿ. ಆನ್‌ಲೈನ್ ಅರ್ಜಿ ಹಾಕಿ, ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ನಮ್ಮಲ್ಲಿ ‘ಮೊಹಮ್ಮದ್’ ಒಂದೊಂದು ದಾಖಲೆಯಲ್ಲಿ ಒಂದೊಂದು ತೆರ!

ನ್ಯೂನತೆ ಶೇ. 40 ಅಥವಾ ಹೆಚ್ಚಿದ್ದರೆ ನಾಡಕಚೇರಿಯಲ್ಲಿ ಮಾಸಾಶನಕ್ಕೆ ಅರ್ಜಿ ಕೊಡಿ. ಆದಾಯ ಪ್ರಮಾಣಪತ್ರ ಜೊತೆಗಿರಲಿ.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ನ್ಯೂನತೆ ಇರುವವರಿಗೆ ಕೇಂದ್ರದ ನಿರಾಮಯ ವಿಮೆಯಿದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಇದರಲ್ಲಿ ಥೆರಪಿಗೂ ಒಂದು ಪಾಲುಂಟು. ಹಣ ಖರ್ಚಾದ ನಂತರ ಬರುವುದರಿಂದ ಬಿಲ್ಲು, ಚೀಟಿ ಯಾವುದನ್ನೂ ಎಸೆಯಬೇಡಿ.