ರ‍್ಯಾಂಕಿಂಗ್ ಸ್ನೂಕರ್ ಪಂದ್ಯಾವಳಿ: ಬಹುಮಾನದ ಹಣ ಮತ್ತು ಅದರ ಲೆಕ್ಕ

2025ರ ಮೇ 5ರಂದು ಇಂಗ್ಲೆಂಡಿನ ಶೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ ಚೀನಾದ ಝಾವೊ ಶಿನ್‌ಟಾಂಗ್ ಅವರು ವೇಲ್ಸ್‌ನ ಮಾರ್ಕ್ ವಿಲಿಯಮ್ಸ್ ಅವರನ್ನು 18–12 ಫ್ರೇಮ್‌ಗಳಿಂದ ಸೋಲಿಸಿ ವಿಶ್ವ ಸ್ನೂಕರ್ ಚಾಂಪಿಯನ್ ಎನಿಸಿದರು. ಪಂದ್ಯಾವಳಿಗೆ ಪ್ರವೇಶಿಸುವಾಗ ಅವರು ಹವ್ಯಾಸಿ ಆಟಗಾರರಾಗಿದ್ದರು. ರ‍್ಯಾಂಕಿಂಗ್ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಪಂದ್ಯಾವಳಿ ಮುಗಿದ ಮರುದಿನ ಅವರು ವಿಶ್ವದ 11ನೆಯ ಸ್ಥಾನದಲ್ಲಿದ್ದರು. ಒಂದೇ ಪಂದ್ಯಾವಳಿಯಿಂದ ಇಂತಹ ಜಿಗಿತ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ ಆಟದ ಮೇಜಿನ ಮೇಲಿಲ್ಲ, ಖಾತೆ ಪುಸ್ತಕದಲ್ಲಿದೆ.

ಸ್ನೂಕರ್‌ನಲ್ಲಿ ರ‍್ಯಾಂಕಿಂಗ್ ಪದ್ಧತಿ 1976ರಲ್ಲಿ ಆರಂಭವಾಯಿತು. ಆಗ ವಿಶ್ವ ಚಾಂಪಿಯನ್‌ಷಿಪ್‌ನ ಫಲಿತಾಂಶಗಳಷ್ಟೇ ಗಣನೆಗೆ ಬರುತ್ತಿದ್ದವು. ಅನಂತರ ಇತರ ಪಂದ್ಯಾವಳಿಗಳೂ ಸೇರಿ, ಪ್ರತಿ ಸುತ್ತಿಗೂ ಇಂತಿಷ್ಟು ಅಂಕ ಎಂಬ ಕ್ರಮ ಬಹುಕಾಲ ನಡೆಯಿತು. 2014ರಿಂದ ಈ ಅಂಕಗಳನ್ನು ಕೈಬಿಟ್ಟು, ಗಳಿಸಿದ ಬಹುಮಾನದ ಪೌಂಡುಗಳನ್ನೇ ಅಂಕವೆಂದು ಪರಿಗಣಿಸಲಾಗುತ್ತಿದೆ. ಒಂದು ಪೌಂಡ್ ಎಂದರೆ ಒಂದು ಅಂಕ. ಹೀಗಾಗಿ ಯಾವುದೇ ಪಂದ್ಯಾವಳಿಯನ್ನು 'ರ‍್ಯಾಂಕಿಂಗ್ ಪಂದ್ಯಾವಳಿ' ಎಂದು ಕರೆದರೆ, ಅಲ್ಲಿ ದೊರೆತ ಹಣ ಆಟಗಾರನ ಜೇಬಿಗೆ ಮಾತ್ರವಲ್ಲದೆ ಅವನ ಸ್ಥಾನಮಾನದ ಖಾತೆಗೂ ಜಮೆಯಾಗುತ್ತದೆ ಎಂದು ಅರ್ಥ. ಆಹ್ವಾನಿತರಿಗಷ್ಟೇ ಮೀಸಲಾದ ಪಂದ್ಯಾವಳಿಗಳಲ್ಲಿ, ಉದಾಹರಣೆಗೆ ಲಂಡನ್ನಿನ ಮಾಸ್ಟರ್ಸ್‌ನಲ್ಲಿ, ಹಣ ಎಷ್ಟೇ ದೊಡ್ಡದಾಗಿದ್ದರೂ ಈ ಎರಡನೆಯ ಖಾತೆಗೆ ಏನೂ ಸೇರುವುದಿಲ್ಲ.

2025ರ ವಿಶ್ವ ಚಾಂಪಿಯನ್‌ಷಿಪ್‌ನ ಬಹುಮಾನದ ಪಟ್ಟಿಯನ್ನು ಲೆಕ್ಕಿಗನ ಕಣ್ಣಿನಿಂದ ನೋಡುವುದು ಉಪಯುಕ್ತ. ವಿಜೇತರಿಗೆ 5,00,000 ಪೌಂಡ್, ಅಂತಿಮ ಪಂದ್ಯದಲ್ಲಿ ಸೋತವರಿಗೆ 2,00,000, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೆ ತಲಾ 1,00,000, ಕ್ವಾರ್ಟರ್ ಫೈನಲ್‌ನ ನಾಲ್ವರಿಗೆ ತಲಾ 50,000, ಅದಕ್ಕೂ ಹಿಂದಿನ ಸುತ್ತಿನ ಎಂಟು ಮಂದಿಗೆ ತಲಾ 30,000, ಮೊದಲ ಸುತ್ತಿನ ಹದಿನಾರು ಮಂದಿಗೆ ತಲಾ 20,000. ಅರ್ಹತಾ ಸುತ್ತುಗಳಲ್ಲಿ ಸೋತವರಿಗೆ ಸುತ್ತಿಗನುಗುಣವಾಗಿ 15,000, 10,000 ಮತ್ತು 5,000. ಅತಿ ದೊಡ್ಡ ಬ್ರೇಕ್‌ಗೆ 15,000. ಒಟ್ಟು 23,95,000 ಪೌಂಡ್. ಪೌಂಡಿಗೆ ನೂರು ರೂಪಾಯಿ ಎಂದು ಕಡಿಮೆಯಾಗಿಯೇ ಹಿಡಿದರೂ ಇದು ಸುಮಾರು 24 ಕೋಟಿ ರೂಪಾಯಿ. 1977ರಲ್ಲಿ ಕ್ರೂಸಿಬಲ್‌ಗೆ ಈ ಪಂದ್ಯಾವಳಿ ಮೊದಲ ಬಾರಿಗೆ ಬಂದಾಗ ವಿಜೇತ ಜಾನ್ ಸ್ಪೆನ್ಸರ್ ಅವರಿಗೆ ದೊರೆತದ್ದು 6,000 ಪೌಂಡ್.

ಒಟ್ಟು ಮೊತ್ತದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಒಬ್ಬನ ಪಾಲಾಗುತ್ತದೆ. ಪಂದ್ಯಾವಳಿಗೆ ಇಳಿದ 144 ಮಂದಿಯಲ್ಲಿ ಮೊದಲ ಅರ್ಹತಾ ಸುತ್ತಿನಲ್ಲೇ ಸೋತ 32 ಮಂದಿಗೆ ಬಿಡಿಗಾಸೂ ಇಲ್ಲ. ಝಾವೊ ಅವರು ಆ ಕಟ್ಟಕಡೆಯ ಸುತ್ತಿನಿಂದಲೇ ಆರಂಭಿಸಿ, ಒಂಬತ್ತು ಪಂದ್ಯಗಳನ್ನು ಗೆದ್ದು ಮೇಲೆ ಬಂದವರು. ಮೊದಲ ಪಂದ್ಯದಲ್ಲಿ ಸೋತಿದ್ದರೆ ಅವರ ಗಳಿಕೆ ಸೊನ್ನೆ.

ಇಲ್ಲಿ ಲೆಕ್ಕಪತ್ರದ ದೃಷ್ಟಿಯಿಂದ ಸ್ವಾರಸ್ಯಕರವಾದ ಒಂದು ನಿಯಮವಿದೆ. ಮೊದಲ ಹದಿನಾರು ಸ್ಥಾನದಲ್ಲಿದ್ದು ನೇರ ಪ್ರವೇಶ ಪಡೆದ ಆಟಗಾರ ತನ್ನ ಮೊದಲ ಪಂದ್ಯದಲ್ಲೇ ಸೋತರೆ 20,000 ಪೌಂಡ್ ನಗದು ಅವನಿಗೆ ದೊರೆಯುತ್ತದೆ. ಆದರೆ ರ‍್ಯಾಂಕಿಂಗ್ ಖಾತೆಗೆ ಜಮೆಯಾಗುವುದಿಲ್ಲ. ಅದೇ ಸುತ್ತಿನಲ್ಲಿ ಸೋತ ಅರ್ಹತಾ ಆಟಗಾರನಿಗೆ ಹಣವೂ ಅಂಕವೂ ಉಂಟು. ಹಣ ಬಂದಿದ್ದರೂ ಗಳಿಕೆಯಲ್ಲ ಎಂಬ ಈ ವ್ಯತ್ಯಾಸ ನ್ಯಾಯವಾದದ್ದೇ ಸರಿ, ಏಕೆಂದರೆ ಒಂದು ಪಂದ್ಯವನ್ನೂ ಗೆಲ್ಲದವನಿಗೆ ಹಳೆಯ ಸ್ಥಾನದ ಬಲದಿಂದ ಹೊಸ ಸ್ಥಾನ ದೊರೆಯಬಾರದು. ಅತಿ ದೊಡ್ಡ ಬ್ರೇಕ್‌ನ ಬಹುಮಾನವೂ ಹೀಗೆಯೇ ರ‍್ಯಾಂಕಿಂಗ್‌ನಿಂದ ಹೊರಗೆ.

ಜಮೆಯಾದದ್ದು ಶಾಶ್ವತವೂ ಅಲ್ಲ. ಪಟ್ಟಿಯು ಎರಡು ವರ್ಷಗಳ ಚಾಲ್ತಿ ಲೆಕ್ಕ. ಒಂದು ಪಂದ್ಯಾವಳಿಯಲ್ಲಿ ಗಳಿಸಿದ ಮೊತ್ತ, ಎರಡು ವರ್ಷಗಳ ಬಳಿಕ ಅದೇ ಪಂದ್ಯಾವಳಿ ಮುಗಿದಾಗ ಖಾತೆಯಿಂದ ಕಳೆದುಹೋಗುತ್ತದೆ. ಬೆಲ್ಜಿಯಂನ ಲೂಕಾ ಬ್ರೆಸೆಲ್ 2023ರಲ್ಲಿ ವಿಶ್ವ ಚಾಂಪಿಯನ್ ಆದಾಗ ಎರಡನೆಯ ಸ್ಥಾನಕ್ಕೇರಿದ್ದರು. 2025ರಲ್ಲಿ ಆ 5,00,000 ಕಳೆದಾಗ, ಆ ವರ್ಷ ಕ್ವಾರ್ಟರ್ ಫೈನಲ್ ತಲುಪಿದ್ದರೂ, ಮೊದಲ ಹದಿನಾರರಿಂದ ಹೊರಬಿದ್ದರು. ವ್ಯಾಪಾರದಲ್ಲಿ ಒಂದೇ ದೊಡ್ಡ ಗಿರಾಕಿಯನ್ನು ನಂಬಿದ ಅಂಗಡಿಯ ಸ್ಥಿತಿಯಂತೆಯೇ ಇದು.

ಮೇಲಿನವರ ಏರಿಳಿತಕ್ಕಿಂತ ಕೆಳಗಿನವರ ಪಾಡು ಕಠಿಣ. ವೃತ್ತಿಪರ ಪ್ರವಾಸದಲ್ಲಿ ಸುಮಾರು 128 ಆಟಗಾರರಿಗೆ ಅವಕಾಶ. ಹೊಸಬರಿಗೆ ಎರಡು ವರ್ಷಗಳ ಪರವಾನಗಿ. ಅವಧಿ ಮುಗಿದಾಗ ಮೊದಲ 64ರಲ್ಲಿ ಇಲ್ಲದವರು, ಬೇರೆ ಕೆಲವು ಕಿರುದಾರಿಗಳನ್ನು ಬಿಟ್ಟರೆ, ಅದನ್ನು ಕಳೆದುಕೊಂಡು 'ಕ್ಯೂ ಸ್ಕೂಲ್' ಎಂಬ ಅರ್ಹತಾ ಸ್ಪರ್ಧೆಯಲ್ಲಿ ಮತ್ತೆ ಆಡಬೇಕು. ಇವರಿಗೆ ಸಂಬಳವಿಲ್ಲ, ಭವಿಷ್ಯ ನಿಧಿಯಿಲ್ಲ. ವಿಮಾನ, ಹೋಟೆಲ್, ಊಟ, ಅಭ್ಯಾಸದ ಮೇಜಿನ ಬಾಡಿಗೆ ಎಲ್ಲವೂ ಸ್ವಂತ ಖರ್ಚು. 2022–23ರ ಋತುವಿನಲ್ಲಿ ಪ್ರತಿ ಆಟಗಾರನಿಗೂ ವರ್ಷಕ್ಕೆ 20,000 ಪೌಂಡ್ ಗಳಿಕೆಯ ಖಾತರಿ ನೀಡುವ ಯೋಜನೆ ಬಂದಿತು. ಹೆಚ್ಚಿನ ಪಂದ್ಯಾವಳಿಗಳು ಇಂಗ್ಲೆಂಡ್ ಮತ್ತು ಚೀನಾದಲ್ಲಿ ನಡೆಯುವಾಗ ಭಾರತದಿಂದ ಹೋಗುವವನಿಗೆ ಅದು ಖರ್ಚಿಗೇ ಸರಿಹೋಗುವ ಮೊತ್ತ.

ಬೆಂಗಳೂರಿನ ಪಂಕಜ್ ಅಡ್ವಾಣಿ 2012ರಲ್ಲಿ ಈ ಪ್ರವಾಸಕ್ಕೆ ಸೇರಿದರು. 2013ರ ವೆಲ್ಷ್ ಓಪನ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದರು. ಎರಡು ಋತುಗಳ ಬಳಿಕ 2014ರಲ್ಲಿ ಪರವಾನಗಿಯನ್ನು ಬಿಟ್ಟು, ಬಿಲಿಯರ್ಡ್ಸ್ ಮತ್ತು ಹವ್ಯಾಸಿ ಸ್ನೂಕರ್‌ನತ್ತ ಮರಳಿದರು. ಅಲ್ಲಿ ಅವರು ಗೆದ್ದ ವಿಶ್ವ ಪ್ರಶಸ್ತಿಗಳು ಎಲ್ಲರಿಗೂ ತಿಳಿದಿವೆ. ಸಾರ್ವಜನಿಕ ವಲಯದ ಉದ್ಯೋಗದ ಆಸರೆಯಲ್ಲಿ ಆಡುವ ಭಾರತದ ಪದ್ಧತಿಗೂ, ಗೆದ್ದರಷ್ಟೇ ಊಟ ಎಂಬ ಬ್ರಿಟನ್ನಿನ ಪದ್ಧತಿಗೂ ಇರುವ ಅಂತರವನ್ನು ಗಮನಿಸಿದರೆ, ನಮ್ಮಿಂದ ಅಲ್ಲಿಗೆ ಹೋಗುವವರು ಏಕೆ ವಿರಳ ಎಂಬುದು ಅರ್ಥವಾಗುತ್ತದೆ. 1875ರಲ್ಲಿ ಜಬಲ್ಪುರದಲ್ಲಿ ಹುಟ್ಟಿ, ಊಟಿಯ ಕ್ಲಬ್ಬಿನಲ್ಲಿ ನಿಯಮ ಬರೆಸಿಕೊಂಡ ಆಟವಿದು ಎಂಬುದನ್ನು ನೆನೆದರೆ ಸ್ವಲ್ಪ ವಿಷಾದವೂ ಆಗದಿರದು.

ರ‍್ಯಾಂಕಿಂಗ್ ಪಂದ್ಯಾವಳಿಯೇ ಭಾರತಕ್ಕೆ ಬಂದದ್ದೂ ಉಂಟು. ಇಂಡಿಯನ್ ಓಪನ್ 2013ರಲ್ಲಿ ನವದೆಹಲಿ, 2015ರಲ್ಲಿ ಮುಂಬೈ, 2016ರಲ್ಲಿ ಹೈದರಾಬಾದ್, 2017ರಲ್ಲಿ ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ, ಹೀಗೆ ಐದು ಬಾರಿ ನಡೆದು ನಿಂತುಹೋಯಿತು. ಮೊದಲ ಬಾರಿಯೇ ಮುಂಬೈನ ಆದಿತ್ಯ ಮೆಹ್ತಾ ಅಂತಿಮ ಪಂದ್ಯ ತಲುಪಿ ಚೀನಾದ ಡಿಂಗ್ ಜುನ್‌ಹುಯಿ ಅವರಿಗೆ 5–0ಯಿಂದ ಸೋತರು. ವಿಜೇತರ ಬಹುಮಾನ 50,000 ಪೌಂಡ್.

ಇಂತಹ ಪಂದ್ಯಾವಳಿಯನ್ನು ತಮ್ಮ ಊರಿಗೆ ತರಲು ಅಥವಾ ಪ್ರಾಯೋಜಿಸಲು ಯೋಚಿಸುವ ಸದಸ್ಯರು ತೆರಿಗೆಯ ಅಂಶವನ್ನು ಮೊದಲೇ ನೋಡಬೇಕು. ಆ ಐದೂ ಪಂದ್ಯಾವಳಿಗಳ ಕಾಲದಲ್ಲಿ ಜಾರಿಯಲ್ಲಿದ್ದದ್ದು 1961ರ ಆದಾಯ ತೆರಿಗೆ ಕಾಯ್ದೆ. 2026ರ ಏಪ್ರಿಲ್ 1ರಿಂದ ಅದರ ಜಾಗದಲ್ಲಿ 2025ರ ಕಾಯ್ದೆ ಇರುವುದರಿಂದ ಕಲಂ ಸಂಖ್ಯೆಗಳನ್ನು ಹೊಸದರಲ್ಲಿ ನೋಡಿಕೊಳ್ಳಬೇಕು. ಹಳೆಯ ಕಾಯ್ದೆಯ 115ಬಿಬಿಎ ಕಲಮಿನಂತೆ, ಭಾರತದ ಪ್ರಜೆಯೂ ನಿವಾಸಿಯೂ ಅಲ್ಲದ ಕ್ರೀಡಾಪಟು ಇಲ್ಲಿ ಗಳಿಸಿದ ಹಣದ ಮೇಲೆ ಶೇ. 20ರಷ್ಟು ತೆರಿಗೆ, ಜೊತೆಗೆ ಅನ್ವಯಿಸುವ ಸರ್‌ಚಾರ್ಜ್ ಮತ್ತು ಸೆಸ್. ಇದು ಒಟ್ಟು ಮೊತ್ತದ ಮೇಲೆ, ಖರ್ಚಿನ ಕಡಿತವಿಲ್ಲ. 194ಇ ಕಲಮಿನಂತೆ ಹಣ ಕೊಡುವವರೇ ಮೂಲದಲ್ಲಿ ಕಡಿತ ಮಾಡಬೇಕಾಗಿತ್ತು. ಭಾರತದ ನಿವಾಸಿ ಆಟಗಾರನಿಗಾದರೋ ಇದು ವೃತ್ತಿಯ ಆದಾಯ. ಖರ್ಚು ಕಳೆದು ಉಳಿದದ್ದಕ್ಕೆ ಸ್ಲ್ಯಾಬ್ ದರ. ವಿದೇಶದಲ್ಲಿ ಗೆದ್ದದ್ದೂ ಇಲ್ಲಿನ ಆದಾಯಕ್ಕೆ ಸೇರುತ್ತದೆ, ಅಲ್ಲಿ ಕಟ್ಟಿದ ತೆರಿಗೆಗೆ ಒಪ್ಪಂದದಂತೆ ವಜಾ ದೊರೆಯುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಇಬ್ಬರು ಆಟಗಾರರು ತಲಾ 10 ಲಕ್ಷ ರೂಪಾಯಿ ಗೆದ್ದು, ತಲಾ 8 ಲಕ್ಷ ಖರ್ಚು ಮಾಡಿದರೆಂದು ಭಾವಿಸೋಣ. ನಿವಾಸಿಗೆ ತೆರಿಗೆಯ ಲೆಕ್ಕ 2 ಲಕ್ಷದ ಮೇಲೆ. ಅನಿವಾಸಿಗೆ 10 ಲಕ್ಷದ ಮೇಲೆ ಶೇ. 20, ಅಂದರೆ 2 ಲಕ್ಷ ತೆರಿಗೆ, ಉಳಿದದ್ದು ಶೂನ್ಯ.

ಆದ್ದರಿಂದಲೇ ವಿದೇಶಿ ಆಟಗಾರರ ಪರವಾಗಿ ಕರಾರು ಮಾಡುವವರು 'ತೆರಿಗೆ ಕಳೆದು ಇಷ್ಟು' ಎಂಬ ಷರತ್ತನ್ನು ಮುಂದಿಡುವುದುಂಟು. ಅದಕ್ಕೆ ಒಪ್ಪಿ ಸಹಿ ಹಾಕುವ ಮುನ್ನ 195ಎ ಕಲಮನ್ನು ನೆನೆಯಬೇಕು. ತೆರಿಗೆಯ ಹೊರೆಯನ್ನು ಸಂಘಟಕರು ಹೊತ್ತರೆ, ಆ ತೆರಿಗೆಯೂ ಆಟಗಾರನ ಆದಾಯಕ್ಕೆ ಸೇರಿ ಲೆಕ್ಕವಾಗುತ್ತದೆ. ಕೈಗೆ 50,000 ಪೌಂಡ್ ತಲುಪಿಸಬೇಕಾದರೆ, ಸರ್‌ಚಾರ್ಜ್ ಮತ್ತು ಸೆಸ್ ಬಿಟ್ಟೇ, ಬಹುಮಾನದ ಬಾಬ್ತು 62,500 ಪೌಂಡ್ ಆಗುತ್ತದೆ. ಆಯವ್ಯಯದ ಪಟ್ಟಿಯಲ್ಲಿ ಬರೆಯಬೇಕಾದದ್ದು ಈ ಎರಡನೆಯ ಅಂಕಿಯನ್ನು.