ಪಾಸ್ತಾ ಬದಲಿಗೆ ಕುಂಬಳ? ಘಾಟಿಯ ಇಡ್ಲಿ ಪಾತ್ರೆಯಲ್ಲಿ ಬೆಂದ ಸ್ಪಾಗೆಟಿ ಸ್ಕ್ವಾಷ್

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಒಂದು ತರಕಾರಿ ಬಗ್ಗೆ ಮಾತಾಡೋಣ. ಹೆಸರು ಸ್ಪಾಗೆಟಿ ಸ್ಕ್ವಾಷ್. ನೋಡೋಕೆ ಹಳದಿ ಬಣ್ಣದ ದಪ್ಪ ಸೌತೆಕಾಯಿ ಥರ ಇರುತ್ತೆ. ಬೇಯಿಸಿ ಫೋರ್ಕ್‌ನಲ್ಲಿ ಕೆರೆದರೆ ಒಳಗಿನ ತಿರುಳು ಶ್ಯಾವಿಗೆಯಂತೆ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತೆ. ಅದಕ್ಕೇ ಆ ಹೆಸರು. ಬೆಂಗಳೂರಿನ ಎಕ್ಸಾಟಿಕ್ ತರಕಾರಿ ಅಂಗಡಿಗಳಲ್ಲಿ ಒಮ್ಮೊಮ್ಮೆ ಸಿಗುತ್ತೆ. ಯೂಟ್ಯೂಬ್ ತುಂಬಾ ಇದರದ್ದೇ ವಿಡಿಯೋ: "ಪಾಸ್ತಾ ಬಿಡಿ, ಇದನ್ನು ತಿನ್ನಿ, ಶುಗರ್ ಇಳಿಸಿ".

ಈ ಮಾತಿನಲ್ಲಿ ಎಷ್ಟು ಹುರುಳಿದೆ ಅಂತ ನೋಡಬೇಕಿತ್ತು. ನೋಡಿದ್ದು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಹತ್ತಿರ, ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಕಾರಣ ಸರಳ. ಚಿಕ್ಕಮ್ಮನಿಗೆ ಹನ್ನೆರಡು ವರ್ಷದಿಂದ ಶುಗರ್ ಇದೆ. ರಾತ್ರಿ ಊಟಕ್ಕೆ ಶ್ಯಾವಿಗೆ ಅಂದ್ರೆ ಪ್ರಾಣ. ಡಾಕ್ಟರ್ ಅದನ್ನೇ ಕಡಿಮೆ ಮಾಡಿ ಅಂದಿದ್ದಾರೆ.

ಮೊದಲು ಈ ಕಾಯಿಯ ಕುಲಗೋತ್ರ. ನಾವು ಹುಳಿಗೆ ಹಾಕುವ ಸಿಹಿಗುಂಬಳ ಒಂದು ಜಾತಿ, ಮಜ್ಜಿಗೆಹುಳಿ ಮಾಡುವ ಬೂದುಗುಂಬಳ ಪೂರ್ತಿ ಬೇರೆ ಜಾತಿ. ಸ್ಪಾಗೆಟಿ ಸ್ಕ್ವಾಷ್ ಇವೆರಡೂ ಅಲ್ಲ. ಅದು ಜುಕಿನಿಯ ಒಡಹುಟ್ಟು, ಎರಡರದ್ದೂ ಒಂದೇ ಜಾತಿ, ಕುಕುರ್ಬಿಟಾ ಪೆಪೊ. ಮೂಲ ಅಮೆರಿಕ ಖಂಡ. 1930ರ ದಶಕದಲ್ಲಿ ಬರ್ಪೀ ಅನ್ನೋ ಬೀಜದ ಕಂಪನಿ ಅಮೆರಿಕದಲ್ಲಿ ಇದನ್ನು ಮಾರಾಟಕ್ಕೆ ತಂತು. ಚೀನಾದ ಶಾಂಘೈ ಪಕ್ಕದ ಚೊಂಗ್ಮಿಂಗ್ ದ್ವೀಪದಲ್ಲೂ ಇದು ಬಹಳ ಹೆಸರುವಾಸಿ, ಅಲ್ಲಿ ಎಳೆಗಳನ್ನು ತಣ್ಣಗೆ ಮಾಡಿ ಕೋಸಂಬರಿ ಥರ ತಿಂತಾರೆ. ನನಗೆ ಕೇಳಿದರೆ, ಪಾಸ್ತಾ ಅಂದುಕೊಂಡು ತಿನ್ನೋದಕ್ಕಿಂತ ಕೋಸಂಬರಿ ಅಂದುಕೊಂಡು ತಿನ್ನೋದೇ ಇದಕ್ಕೆ ಮಾಡುವ ನ್ಯಾಯ.

ಯಾಕೆ ಅಂದ್ರೆ ಇದು ಪಾಸ್ತಾ ಅಲ್ಲ. ಪಾಸ್ತಾಗೆ ಆ ಜಗಿಯುವ ಗುಣ ಬರೋದು ಗೋಧಿಯ ಗ್ಲುಟೆನ್‌ನಿಂದ. ಈ ಎಳೆಯಲ್ಲಿ ಅದಿಲ್ಲ, ಹಿಟ್ಟಿನ ಅಂಶವೂ ಕಡಿಮೆ. ಬಾಯಿಗೆ ಸ್ವಲ್ಪ ಕರುಂ ಅನ್ನುತ್ತೆ, ರುಚಿ ಹೆಚ್ಚುಕಡಿಮೆ ಸಪ್ಪೆ. ನೂಡಲ್ಸ್ ಅಂತ ಹೇಳಿ ಮಕ್ಕಳ ತಟ್ಟೆಗೆ ಹಾಕಿದರೆ ಎರಡನೇ ತುತ್ತಿಗೇ ಸಿಕ್ಕಿಬೀಳ್ತೀರಿ.

ಲೆಕ್ಕ ಮಾತ್ರ ಇದರ ಪರವಾಗಿದೆ. ಬೇಯಿಸಿದ 100 ಗ್ರಾಂ ಪಾಸ್ತಾದಲ್ಲಿ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್. ಅಕ್ಕಿ ಶ್ಯಾವಿಗೆಯಲ್ಲಿ ಸುಮಾರು 24 ಗ್ರಾಂ. ಬೇಯಿಸಿದ ಸ್ಪಾಗೆಟಿ ಸ್ಕ್ವಾಷ್‌ನಲ್ಲಿ ಆರೂವರೆ ಗ್ರಾಂ. ಒಂದು ತಟ್ಟೆ ಅಂದ್ರೆ 200 ಗ್ರಾಂ ಇಟ್ಟುಕೊಳ್ಳಿ: ಪಾಸ್ತಾ ಆದರೆ 60 ಗ್ರಾಂ, ಇದಾದರೆ 13. ಕ್ಯಾಲೊರಿಯೂ ಪಾಸ್ತಾದ ಐದನೇ ಒಂದು ಭಾಗದ ಆಸುಪಾಸು.

ಈ ಲೆಕ್ಕ ಹೇಳ್ತಾ ಇದ್ದಾಗ ಚಿಕ್ಕಮ್ಮ ಒಂದು ಪ್ರಶ್ನೆ ಕೇಳಿದರು. ವಿಡಿಯೋ ಮಾಡುವವರು ಯಾರೂ ಇದನ್ನು ಕೇಳಿದ್ದು ನಾನು ನೋಡಿಲ್ಲ. "ಅಲ್ಲಾ ಕಣವ್ವಾ, ಇದ್ರಲ್ಲಿ ಏನೂ ಇಲ್ಲ ಅಂತೀಯ. ನಾನು ರಾತ್ರಿ ಮಾತ್ರೆ ನುಂಗಿ ಇದನ್ನ ತಿಂದ್ರೆ, ಆ ಮಾತ್ರೆ ಏನನ್ನ ಕರಗಿಸ್ತದೆ?"

ನೂರಕ್ಕೆ ನೂರು ಸರಿಯಾದ ಪ್ರಶ್ನೆ. ಗ್ಲಿಮೆಪಿರೈಡ್ ಥರದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ನೀವು ಎಷ್ಟು ಉಂಡಿರಿ ಅಂತ ಅವು ನೋಡಲ್ಲ. ಹಾಕಿಕೊಳ್ಳುವ ಇನ್ಸುಲಿನ್ ಇಂಜೆಕ್ಷನ್ನೂ ಅಷ್ಟೇ. ದಿನಾ ಎರಡು ಬಟ್ಟಲು ಶ್ಯಾವಿಗೆ ಉಣ್ಣುತ್ತಿದ್ದವರು ಒಮ್ಮೆಲೇ ಬರೀ ತರಕಾರಿ ಎಳೆ ತಿಂದು ಮಲಗಿದರೆ, ಮಾತ್ರೆ ಅದೇ ಪ್ರಮಾಣದಲ್ಲಿದ್ದರೆ, ಮಧ್ಯರಾತ್ರಿ ಶುಗರ್ ತೀರಾ ಕೆಳಗೆ ಹೋಗಬಹುದು. ಬೆವರು, ಕೈ ನಡುಕ, ಎದೆ ಬಡಿತ, ತಲೆಸುತ್ತು ಇದರ ಲಕ್ಷಣ. ವಯಸ್ಸಾದವರಿಗೆ ನಿದ್ದೆಯಲ್ಲಿ ಇದು ಗೊತ್ತೇ ಆಗದೆ ಇರಬಹುದು. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಈ ಅಪಾಯ ಬಹಳ ಕಡಿಮೆ. ಹಾಗಾಗಿ ಊಟ ಬದಲಿಸುವ ಮುಂಚೆ ಮಾತ್ರೆ ಚೀಟಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋಗಿ. ನಾವೂ ಹೋದ್ವಿ. ಡಾಕ್ಟರ್ ಹೇಳಿದ್ದು: ಶ್ಯಾವಿಗೆ ಪೂರ್ತಿ ಬಿಡಬೇಡಿ, ಅರ್ಧ ಶ್ಯಾವಿಗೆ, ಅರ್ಧ ಇದು, ಜೊತೆಗೆ ಕಾಳು, ಎರಡು ವಾರ ಶುಗರ್ ನೋಡಿಕೊಂಡು ಬನ್ನಿ. ಇದು ಚಿಕ್ಕಮ್ಮನಿಗೆ ಹೇಳಿದ್ದು, ನಿಮ್ಮ ಡಾಕ್ಟರ್ ಬೇರೆ ಹೇಳಬಹುದು.

ಈಗ ಅಡುಗೆ. ಇಂಗ್ಲಿಷ್ ರೆಸಿಪಿಗಳೆಲ್ಲ ಓವನ್‌ನಿಂದಲೇ ಶುರುವಾಗುತ್ತವೆ. ನಮಗೆ ಇಡ್ಲಿ ಪಾತ್ರೆ ಸಾಕು.

ಕಾಯಿಯ ಸಿಪ್ಪೆ ಗಟ್ಟಿ, ಚಾಕು ಜಾರುತ್ತೆ. ಈಳಿಗೆ ಮಣೆಯಲ್ಲಂತೂ ಪ್ರಯತ್ನ ಮಾಡಬೇಡಿ. ನಾಲ್ಕೈದು ಕಡೆ ಚುಚ್ಚಿ, ಇಡೀ ಕಾಯಿಯನ್ನೇ ಐದು ನಿಮಿಷ ಆವಿಯಲ್ಲಿಟ್ಟರೆ ಮೆತ್ತಗಾಗಿ ಸಲೀಸಾಗಿ ಕೊಯ್ಯಬಹುದು. ಇಲ್ಲಿ ಇನ್ನೊಂದು ತಮಾಷೆ. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು ಅನ್ನೋ ಪದ್ಧತಿ ನಮ್ಮ ಕಡೆ ಇನ್ನೂ ಇದೆಯಲ್ಲ, ಚಿಕ್ಕಮ್ಮ ಪಕ್ಕದ ಮನೆ ಹುಡುಗನನ್ನು ಕೂಗಿದರು. "ಇದು ಕುಂಬಳಕಾಯಿ ಅಲ್ಲ, ಜುಕಿನಿ ಕಣೇ ಚಿಕ್ಕಮ್ಮ" ಅಂದೆ. "ಯಾವ್ದೋ ಒಂದು, ಅವನೇ ಕುಯ್ಯಲಿ" ಅಂದರು.

ಹೇಗೆ ಕೊಯ್ಯಬೇಕು ಅನ್ನೋದು ಮುಖ್ಯ. ಎಲ್ಲರೂ ಉದ್ದಕ್ಕೆ ಸೀಳ್ತಾರೆ. ಆದರೆ ಒಳಗಿನ ಎಳೆಗಳು ಉದ್ದಕ್ಕೆ ಓಡಲ್ಲ, ಕಾಯಿಯ ಸುತ್ತಲೂ ಬಳೆಯಂತೆ ಸುತ್ತಿಕೊಂಡಿರುತ್ತವೆ. ಉದ್ದಕ್ಕೆ ಸೀಳಿದರೆ ಪ್ರತಿ ಎಳೆಯೂ ಅರ್ಧಕ್ಕೆ ತುಂಡಾಗುತ್ತೆ. ಅಡ್ಡಕ್ಕೆ, ಒಂದೂವರೆ ಇಂಚು ದಪ್ಪದ ಬಳೆಗಳಾಗಿ ಕೊಯ್ದರೆ ಎಳೆ ಉದ್ದುದ್ದ ಬರುತ್ತೆ. ನಡುವಿನ ಬೀಜ, ನಾರು ತೆಗೆದು, ಎರಡೂ ಬದಿಗೆ ಉಪ್ಪು ಸವರಿ ಕಾಲು ಗಂಟೆ ಬಿಡಿ. ನೀರು ಬಿಟ್ಟುಕೊಳ್ಳುತ್ತೆ. ಅದನ್ನು ಒರೆಸಿ, ಇಡ್ಲಿ ಪಾತ್ರೆಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ಕುಕ್ಕರ್ ಬೇಡ, ಒಂದು ವಿಷಲ್ ಜಾಸ್ತಿಯಾದರೆ ಎಳೆ ಹೋಗಿ ಗೊಜ್ಜಾಗುತ್ತೆ. ಫೋರ್ಕ್ ಹಾಕಿ ಎಳೆದಾಗ ಎಳೆ ಬಿಡಬೇಕು, ಆದರೆ ಇನ್ನೂ ಸ್ವಲ್ಪ ಗಟ್ಟಿ ಇರಬೇಕು. ಆಗ ಇಳಿಸಿ, ಬಿಡಿಸಿ, ಹತ್ತು ನಿಮಿಷ ಬಿಳಿ ಬಟ್ಟೆ ಮೇಲೆ ಹರಡಿ. ಒಂದು ಕೆಜಿ ಕಾಯಿಗೆ ಅರ್ಧ ಕೆಜಿ ಆಸುಪಾಸು ಎಳೆ ಸಿಗುತ್ತೆ.

ಬಟ್ಟೆ ಮೇಲೆ ಹರಡೋದನ್ನು ಬಿಡಬೇಡಿ. ಈ ಅಡುಗೆ ಕೆಡೋದೇ ನೀರಿನಿಂದ. ಟೊಮೆಟೊ ಸಾಸ್ ಸುರಿದರೆ ಎಳೆಗೆ ಅಂಟದೆ ತಟ್ಟೆಯ ತಳಕ್ಕೆ ಇಳಿಯುತ್ತೆ, ತಿಳಿಸಾರು ಹಾಕಿದರಂತೂ ಕೇಳಲೇ ಬೇಡಿ. ಪಾಸ್ತಾ ಥರಾನೇ ಬೇಕು ಅನ್ನೋರು ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ ಚೂರು, ಸ್ವಲ್ಪ ಚೀಸ್, ಇಷ್ಟಕ್ಕೇ ನಿಲ್ಲಿಸಿ.

ನಾವು ಎರಡು ಥರ ಮಾಡಿದ್ವಿ. ಒಂದು ಚಿತ್ರಾನ್ನದ ಒಗ್ಗರಣೆ: ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಕಡ್ಲೆಬೀಜ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ. ಒಲೆ ಆರಿಸಿ ಎಳೆ ಹಾಕಿ, ಮೇಲೆ ನಿಂಬೆರಸ, ಕಾಯಿತುರಿ. ಚೆನ್ನಾಗಿತ್ತು.

ಎರಡನೆಯದು ಇನ್ನೂ ಚೆನ್ನಾಗಿತ್ತು. ಪುಷ್ಯ ಮಾಸದಲ್ಲಿ ಘಾಟಿ ದನಗಳ ಜಾತ್ರೆ ಸೇರುವ ಹೊತ್ತಿಗೆ ಈ ಸೀಮೆಯಲ್ಲಿ ಸೊಗಡು ಅವರೆಕಾಯಿ ಕಾಲ. ಹಿತಕಿದ ಅವರೆಬೇಳೆಯನ್ನು ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ, ಕಾಯಿ ರುಬ್ಬಿದ ಮಸಾಲೆಯಲ್ಲಿ ಗಟ್ಟಿಯಾಗಿ ಬೇಯಿಸಿ, ಅರ್ಧ ಒತ್ತು ಶ್ಯಾವಿಗೆ, ಅರ್ಧ ಎಳೆ ಇರುವ ತಟ್ಟೆ ಮೇಲೆ ಹಾಕಿದ್ವಿ. ಸ್ಕ್ವಾಷ್‌ನಲ್ಲಿ ಪ್ರೋಟೀನ್ ಹತ್ತಿರ ಹತ್ತಿರ ಏನೂ ಇಲ್ಲ, 100 ಗ್ರಾಂಗೆ ಒಂದು ಗ್ರಾಂ ಕೂಡ ಬರಲ್ಲ. ಅದನ್ನು ಅವರೆ ತುಂಬಿಕೊಡುತ್ತೆ, ಹೊಟ್ಟೆಯೂ ನಿಲ್ಲುತ್ತೆ. ಕಾಯಿಹಾಲು ಹಾಕಬಹುದಾ ಅಂತ ಚಿಕ್ಕಮ್ಮ ಆಸೆಯಿಂದ ಕೇಳಿದರು. ಬೆಲ್ಲ ಹಾಕಿದ ಮೇಲೆ ಈ ಸರ್ಕಸ್ ಎಲ್ಲ ಯಾಕೆ ಬೇಕು ಹೇಳಿ!

ಒಂದು ಎಚ್ಚರಿಕೆ. ಬೇಯಿಸುವ ಮುಂಚೆ ಒಂದು ಸಣ್ಣ ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದು, ಇಡೀ ಕಾಯಿ ಎಸೆಯಿರಿ. ಸೋರೆ, ಸೌತೆ, ಕುಂಬಳ ಈ ಕುಟುಂಬದಲ್ಲಿ ಕುಕುರ್ಬಿಟಾಸಿನ್ ಅನ್ನೋ ಕಹಿ ವಿಷ ಕೆಲವೊಮ್ಮೆ ಜಾಸ್ತಿ ಇರುತ್ತೆ, ಬೇಯಿಸಿದರೂ ಹೋಗಲ್ಲ. ಕಹಿ ಸೋರೆಕಾಯಿ ರಸ ಕುಡಿದು ಜನ ಸತ್ತಿರುವುದು ನಮ್ಮ ದೇಶದಲ್ಲೇ ಆಗಿದೆ. ಕಹಿ ಇದ್ದರೆ ಕುಡಿಯಬೇಡಿ ಅಂತ ಐಸಿಎಂಆರ್ ತಜ್ಞರ ಸಮಿತಿಯೂ ಹೇಳಿತ್ತು.

ಇದು ಬೆಳೆಯುವವರಿಗೂ ಬೇಕಾದ ಮಾತು. ಚಿಕ್ಕಮ್ಮನ ಪಕ್ಕದ ತೋಟದವರು ಬೆಂಗಳೂರಿನ ಅಂಗಡಿಗಳಿಗೆ ಜುಕಿನಿ ಹಾಕ್ತಾರೆ. ಕಾಯಿ ನೋಡಿ, "ಬೀಜ ಕೊಡಮ್ಮ, ಒಂದೆರಡು ಸಾಲು ಹಾಕಿ ನೋಡ್ತೀನಿ" ಅಂದರು. ಬೆಳೆಯೋಕೆ ಅಡ್ಡಿಯಿಲ್ಲ, ಸುಮಾರು ಮೂರು ತಿಂಗಳ ಬೆಳೆ. ಸಿಪ್ಪೆ ಗಾಢ ಹಳದಿಯಾಗಿ, ಉಗುರು ಇಳಿಯದಷ್ಟು ಗಟ್ಟಿಯಾದಾಗ ತೊಟ್ಟು ಸಮೇತ ಕೊಯ್ಯಬೇಕು. ಜುಕಿನಿ ನಾಲ್ಕು ದಿನಕ್ಕೆ ಬಾಡಿದರೆ ಇದು ತಂಪಾದ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತೆ, ರೇಟ್ ಬಿದ್ದ ದಿನ ಕೈಯಲ್ಲಿ ಹಿಡಿದುಕೊಳ್ಳಬಹುದು. ಆದರೆ ಅಂಗಡಿ ಕಾಯಿಯ ಬೀಜ ಬಿತ್ತಬೇಡಿ ಅಂದೆ. ಅದು ಹೆಚ್ಚಾಗಿ ಹೈಬ್ರಿಡ್ ಇರುತ್ತೆ, ಮುಂದಿನ ಬೆಳೆ ಹಾಗೇ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಇನ್ನು ಜುಕಿನಿ ತೋಟದ ಪಕ್ಕದಲ್ಲೇ ಬೆಳೆದರೆ ಜೇನುಹುಳ ಎರಡನ್ನೂ ಬೆರೆಸುತ್ತೆ. ಆ ವರ್ಷದ ಕಾಯಿಗೆ ಏನೂ ಆಗಲ್ಲ, ಆದರೆ ಅದರಿಂದ ಎತ್ತಿಟ್ಟ ಬೀಜದಲ್ಲಿ ಎಳೆ ಬಿಡದ ಕಾಯಿ ಬರಬಹುದು. ಹತ್ತಿರದಲ್ಲಿ ಅಲಂಕಾರದ ಕುಂಬಳ ಇದ್ದರೆ ಕಹಿ ಕಾಯಿಯೂ ಬರಬಹುದು. ಪ್ರತಿ ಸಲ ಪ್ಯಾಕೆಟ್ ಬೀಜ ತರೋದೇ ಕ್ಷೇಮ. ಹಾಕುವ ಮುಂಚೆ ತಗೊಳ್ಳುವ ಅಂಗಡಿಯವರನ್ನು ಮಾತಾಡಿಸಿಕೊಳ್ಳಿ, ದೊಡ್ಡಬಳ್ಳಾಪುರದ ಸಂತೆಗೆ ಇದನ್ನು ತಂದರೆ ಏನು ಅಂತ ಕೇಳುವವರೇ ಜಾಸ್ತಿ.

ನಮ್ಮ ಕಾಯಿಯ ಬೀಜ ಬಿತ್ತಲಿಲ್ಲ. ತೊಳೆದು, ಒಣಗಿಸಿ, ಉಪ್ಪು ಖಾರದಪುಡಿ ಹಾಕಿ ಬಾಣಲೆಯಲ್ಲಿ ಹುರಿದ್ವಿ. ಸಿಹಿಗುಂಬಳದ ಬೀಜದಷ್ಟೇ ಚೆನ್ನಾಗಿರುತ್ತೆ, ಸ್ವಲ್ಪ ಚಿಕ್ಕದು. ಸಣ್ಣ ಉರಿಯಲ್ಲಿ ಹುರೀರಿ, ಬೇಗ ಸೀಯುತ್ತೆ.